ಕಡೀಗೆ ಬರಾಂವನ್ನ ಕೇಳ್ರಿ

ಸೈಕಲ್ ಗ್ರೂಪೊಂದು ತನ್ನನ್ನು ತಾನೇ ‘ಫ್ರೆಂಡ್ಲಿ’ ಅಂತ ಕರೆದುಕೊಂಡರೆ ಸ್ವಲ್ಪ ಹುಷಾರಾಗಿರಬೇಕು. ಚಹಾದಂಗಡಿಯವನು ‘ನಮ್ಮಲ್ಲಿ ಚಹಾ ಬಿಸಿ ಇರುತ್ತದೆ’ ಅಂತ ಬೋರ್ಡ್ ಹಾಕಿದ್ದನ್ನು ಎಲ್ಲಾದರೂ ನೋಡಿದ್ದೀರಾ? ಹತ್ತು ಮಂದಿ ಕೂಡಿ ಸೈಕಲ್ ಹೊಡೀತಾರೆ ಅಂದಮೇಲೆ ಒಬ್ಬರಿಗೊಬ್ಬರು ಆಗಲಿ ಅಂತಲೇ ಹೊಡೀತಾರೆ. ಇಲ್ಲದಿದ್ದರೆ ಒಬ್ಬರೇ ಹೋಗಬಹುದಿತ್ತಲ್ಲ, ರಸ್ತೆ ಯಾರಪ್ಪಂದು? ಅಷ್ಟು ಸಾದಾ ಮಾತನ್ನೂ ಬರೆದು ತಿಳಿಸಬೇಕಾಗಿದೆ ಅಂದರೆ ಆ ಚಹಾ ತಣ್ಣಗಾಗಿ ಬಹಳ ಹೊತ್ತಾಗಿದೆ ಅಂತ ಅರ್ಥ.

ವಿಜಯಪುರಕ್ಕೆ ಹೊಸದಾಗಿ ವರ್ಗವಾಗಿ ಬಂದವರು, ಪುಣೆ-ಬೆಂಗಳೂರಿನ ಕಂಪನಿ ಕೆಲಸವನ್ನು ಊರ ಮನೆಯಿಂದಲೇ ಮಾಡೋರು, ಡಾಕ್ಟರ ಬಾಯಿಂದ ‘ಶುಗರ್ ಬಾರ್ಡರಿಗೆ ಬಂದದ’ ಅಂತ ಕೇಳಿ ಬೆಚ್ಚಿದೋರು, ತಿಂಗಳಿಗೊಬ್ಬರಾದರೂ ನನ್ನನ್ನು ಕೇಳ್ತಾರೆ: “ನಮಗ ಹೊಂದೂ ಅಂಥ ಸೈಕಲ್ ಗ್ರೂಪ್ ಯಾವುದ್ರಿ?” ಮೊದಮೊದಲು ಎರಡು ನಂಬರ್ ಕೊಟ್ಟು ಸುಮ್ಮನಾಗ್ತಿದ್ದೆ. ಈಗ ಹಾಗೆ ಕೊಡೋದಿಲ್ಲ. ಫೋನ್ ಮಾಡಿದಾಗ ಆ ಕಡೆಯಿಂದ ಮೊದಲು ಯಾವ ಪ್ರಶ್ನೆ ಬರ್ತದೆ ಅಂತ ಗಮನಿಸಿ ಅಂತ ಹೇಳ್ತೀನಿ.

ಬಹಳ ಸಲ ಬರೋದು ಇದು: “ಯಾವ ಸೈಕಲ್ ಐತ್ರಿ ನಿಮ್ಮದು?” ಅದರ ಬೆನ್ನಿಗೇ ಎರಡನೆಯದು: “ಎವರೇಜ್ ಎಷ್ಟು ಹೊಡೀತೀರಿ?” ಹಳೇ ಮೋಟರ್‌ಸೈಕಲ್ ಮಾರಾಟಕ್ಕೆ ನಿಂತಾಗ ಕೇಳೋ ಪ್ರಶ್ನೆಗಳು ಇವು. ಮನುಷ್ಯನನ್ನು ಜೋಡಿ ಕರಕೊಂಡು ಹೋಗೋವಾಗ ಕೇಳೋದು ಬೇರೆ. ನಿಮ್ಮ ಮನಿ ಎಲ್ಲಿ, ದಾರ್ಯಾಗ ಯಾರರೆ ಜೋಡಿ ಸಿಗತಾರೇನು, ಎಷ್ಟು ದೂರ ಹೋಗಾಕ ಮನಸ್ಸೈತಿ, ಹಿಂದಿನ ಲೈಟ್ ಐತೋ ಇಲ್ಲೋ. ಇದನ್ನು ಕೇಳಿದೋರು ನಿಮ್ಮನ್ನು ವಾಪಸ್ ಮನೆ ಮುಟ್ಟಿಸೋ ವಿಚಾರದಲ್ಲಿದ್ದಾರೆ. ಮೊದಲಿನ ಎರಡು ಪ್ರಶ್ನೆ ಕೇಳಿದೋರು ನಿಮ್ಮನ್ನು ಎಲ್ಲಿ ಬಿಟ್ಟು ಹೋಗಬೇಕಾಗ್ತದೆ ಅಂತ ಲೆಕ್ಕ ಹಾಕ್ತಾ ಇದ್ದಾರೆ.

ಬಿಟ್ಟು ಹೋಗೋದು ಅಂದೆ. ಇದು ಹೊಟ್ಟೆಕಿಚ್ಚಿನ ಮಾತಲ್ಲ. ನನ್ನ ಗೆಳತಿಯೊಬ್ಬಳು ಬ್ಯಾಂಕಿನಲ್ಲಿದ್ದಾಳೆ. ಒಂದು ಜುಲೈ ತಿಂಗಳ ರವಿವಾರ ಇಂಥದೊಂದು ‘ಎಲ್ಲರಿಗೂ ಸ್ವಾಗತ’ ಗ್ರೂಪಿನ ಜೊತೆ ಟಿಕೋಟಾ ರಸ್ತೆಗೆ ಹೋದಳು. ಹದಿನೆಂಟು ಮಂದಿ. ತೊರವಿ ದಾಟೋವರೆಗೆ ಎಲ್ಲಾ ಕೂಡೇ ಇದ್ದರಂತೆ. ಆಮೇಲೆ ಮುಂದಿನವರು ಒಬ್ಬೊಬ್ಬರಾಗಿ ಎದ್ದು ನಿಂತು ಪೆಡಲ್ ತುಳಿದರು, ಉಳಿದವರು ಅವರ ಬೆನ್ನು ಹತ್ತಿದರು, ಐದೇ ನಿಮಿಷದಲ್ಲಿ ಇವಳ ಮುಂದೆ ರಸ್ತೆ ಖಾಲಿ. ಇನ್ನೂ ಎರಡು ಕಿಲೋಮೀಟರ್ ಹೋಗೋದರೊಳಗೆ ಹಿಂದಿನ ಗಾಲಿಗೆ ಜಾಲಿ ಮುಳ್ಳು. ಫೋನ್ ಮಾಡಿದಳು. ಸೈಕಲ್ ಮೇಲೆ ಇರೋರು ಫೋನ್ ಎತ್ತೋದಿಲ್ಲ. ಗ್ರೂಪಿಗೆ ಮೆಸೇಜ್ ಹಾಕಿದಳು. ಯಾರೋ ಒಬ್ಬರು ಹೆಬ್ಬೆಟ್ಟು ಒತ್ತಿದರು. ಅದನ್ನು ಏನಂತ ಅರ್ಥ ಮಾಡ್ಕೋಬೇಕೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಹಾಲಿನ ಕ್ಯಾನು ಕಟ್ಟಿಕೊಂಡು ಊರ ಕಡೆ ಬರ್ತಿದ್ದ ಒಬ್ಬ ಕಾಕಾ ನಿಂತರು. “ಯಾಕವ್ವಾ, ಒಬ್ಬಾಕೀನ ಬಂದೀಯೇನು? ಜೋಡಿ ಯಾರೂ ಇಲ್ಲೇನು?”

“ಅದಾರ್ರೀ ಕಾಕಾ, ಹದಿನೇಳು ಮಂದಿ ಅದಾರ.”

“ಹದಿನೇಳು ಮಂದಿ? ಎಲ್ಲಿ ಅದಾರ?”

ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಹಾಲಿನ ಹೊತ್ತು ಮೀರ್ತಿದ್ದರೂ ಗಾಡಿ ಬದಿಗೆ ಹಚ್ಚಿ, ಗಾಲಿ ಬಿಚ್ಚಿ, ಟ್ಯೂಬು ಬದಲಿಸಿ, ಹವಾ ಹೊಡೆದು ಕೊಟ್ಟು ಹೋದರು. ಸಂಜೆ ಗ್ರೂಪಿನಲ್ಲಿ ಫೋಟೋಗಳು ಬಂದವು, ಹದಿನೇಳು ಹೆಲ್ಮೆಟ್, ಹದಿನೇಳು ಹೆಬ್ಬೆಟ್ಟು. ಇವಳಿಗೆ ಬೇರೆಯಾಗಿ ಒಂದು ಸಲಹೆ: ‘ಮೊದಲು ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಂಡು ಬರ್ರಿ ಮೇಡಂ.’ ಆಮೇಲೆ ಅವಳು ಆ ಸೈಕಲ್ಲನ್ನು ಹತ್ತಲಿಲ್ಲ. ಈಗ ಅವಳ ತಮ್ಮ ಅದನ್ನು ಕಿರಾಣಿ ತರೋಕೆ ಒಯ್ತಾನೆ.

ಇದನ್ನು ಕೇಳಿದವರು ‘ಪಾಪ’ ಅಂತಾರೆ. ಪಾಪ ಅನ್ನೋದಕ್ಕಿಂತ ಮೊದಲು ಇದರಲ್ಲಿರೋ ವಿಜ್ಞಾನ ನೋಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಲ್ಲಿ ಮಳೆ ಬರ್ತದೋ ಇಲ್ಲವೋ, ಪಡುವಣ ಗಾಳಿ ಮಾತ್ರ ತಪ್ಪೋದಿಲ್ಲ. ಟಿಕೋಟಾ ಇರೋದು ಊರಿಗೆ ಪಶ್ಚಿಮಕ್ಕೆ, ಸುಮಾರು 20 ಕಿಲೋಮೀಟರ್. ಅಂದರೆ ಹೋಗೋ ದಾರಿಯೆಲ್ಲ ಗಾಳಿಗೆ ಎದೆ ಕೊಟ್ಟು ಹೋಗಬೇಕು. ತಡೆಯೋಕೆ ಗುಡ್ಡವಿಲ್ಲ, ದೊಡ್ಡ ಮರವಿಲ್ಲ, ಎರೆ ಹೊಲ ಬಿಟ್ಟರೆ ದ್ರಾಕ್ಷಿ ಪಡ. ಇಂಥ ಗಾಳಿಯಲ್ಲಿ ಮುಂದಿನವರ ಗಾಲಿಗೆ ಹತ್ತಿಕೊಂಡು ಹಿಂದೆ ಹೋದರೆ ಶ್ರಮದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಳೀತದೆ. ಜಗತ್ತಿನಾದ್ಯಂತ ಸೈಕಲ್ಲಿನವರು ಗುಂಪು ಕಟ್ಟಿ ಹೋಗೋದರ ಮೂಲ ಕಾರಣವೇ ಅದು. ಬಲ ಇದ್ದವರು ಮುಂದೆ ನಿಂತು ಗಾಳಿ ಒಡೀತಾರೆ, ಬಲ ಕಡಿಮೆ ಇದ್ದವರು ಆ ಮರೆಯಲ್ಲಿ ಬರ್ತಾರೆ. ಈಗ ಆ ರವಿವಾರ ಆದದ್ದೇನು ನೋಡಿ. ಹದಿನೇಳು ಬಲವಂತರು ಒಬ್ಬರ ಮರೆಯಲ್ಲಿ ಒಬ್ಬರು ಆರಾಮಾಗಿ ಹೋದರು, ಬಲ ಎಲ್ಲರಿಗಿಂತ ಕಡಿಮೆ ಇದ್ದ ಒಬ್ಬಳು ಪೂರ್ತಿ ಗಾಳಿಯನ್ನು ಒಬ್ಬಳೇ ತಿಂದಳು. ‘ಆಕಿಗೆ ಸ್ಪೀಡ್ ಇಲ್ಲ’ ಅಂತ ಹೇಳೋಕೆ ನಾಲಿಗೆ ಬೇರೆ ಹೊರಳ್ತದೆ.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಗೋಡೆಗೆ ಪಿಸುಗುಟ್ಟಿದರೆ ಆಚೆ ಗೋಡೆಯವರಿಗೆ ಕೇಳ್ತದೆ. ಅದರ ಬುಡದಲ್ಲೇ ಕೂಡಿ ಫೋಟೋ ತೆಗೆಸಿಕೊಂಡು ಹೊರಡೋ ಗುಂಪಿನಲ್ಲಿ ಹಿಂದಿನವರು ಕಿರುಚಿದರೂ ಮುಂದಿನವರಿಗೆ ಕೇಳೋದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನನ್ನ ತಕರಾರು ಸ್ಪೀಡಿನ ಮೇಲಲ್ಲ. ಈ ಊರಲ್ಲಿ ಹುಟ್ಟಿ ಸ್ಪೀಡನ್ನು ಬೈದರೆ ನಾಲಿಗೆಗೆ ಒಳ್ಳೇದಲ್ಲ. ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇರೋದು ನಮ್ಮಲ್ಲಿ. ವಿಜಯಪುರ-ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರ ಮಟ್ಟದಲ್ಲಿ ಪದಕ ತಂದ ಸುದ್ದಿ ಪೇಪರಿನ ಜಿಲ್ಲಾ ಪುಟದಲ್ಲಿ ಎಷ್ಟು ಸಲ ಓದಿದ್ದೇವೆ. ಬಹುಪಾಲು ಹೊಲಮನೆಯ ಮಕ್ಕಳು. ಬೆಳಿಗ್ಗೆ ಹೈವೇ ಬದಿಯಲ್ಲಿ ಅವರು ಸಾಲುಹಿಡಿದು ಹೋಗೋದನ್ನು ನೋಡಬೇಕು. ಒಬ್ಬ ಹುಡುಗ ಮುಂದೆ ಗಾಳಿ ತಿಂದು ದಣಿದು ಪಕ್ಕಕ್ಕೆ ಸರಿದು ಹಿಂದೆ ಬರ್ತಾನೆ, ಹಿಂದಿದ್ದವನು ಮುಂದೆ ಬರ್ತಾನೆ. ತರಬೇತಿ ಕೊಡೋರ ಕಣ್ಣು ಅವರ ಮೇಲಿರ್ತದೆ. ಸ್ಪೀಡ್ ಅಂದರೆ ಅದು. ಅಲ್ಲಿ ಒಬ್ಬ ಕಾಣೆಯಾದರೆ ಕೇಳೋರು ಇದ್ದಾರೆ.

ಅದಕ್ಕೂ ಹಿಂದೆ ಹೋದರೆ ಜಾತ್ರೆ ಶರ್ಯತ್ತು. ಕುಸ್ತಿ, ಬಂಡಿ ಓಟ, ಕಲ್ಲು ಎತ್ತೋದರ ಜೊತೆಗೆ ಸೈಕಲ್ ಶರ್ಯತ್ತು ಇಟ್ಟುಕೊಂಡ ಊರು ನಮ್ಮ ಕಡೆ ಎಷ್ಟೋ ಇವೆ. ಗುಡಿ ಮುಂದೆ ಮೈಕು, ರಸ್ತೆ ಎರಡೂ ಬದಿಗೆ ಊರ ಮಂದಿ, ಮರದ ಟೊಂಗೆ ಮೇಲೆ ಹುಡುಗರು. ಸೈಕಲ್ ಯಾವುದು ಅಂತ ಯಾರೂ ಕೇಳೋದಿಲ್ಲ, ಯಾವ ಊರಿನ ಹುಡುಗ ಅಂತ ಕೇಳ್ತಾರೆ. ಕಡೆಗೆ ಬಂದವನಿಗೂ ಚಪ್ಪಾಳೆ ಬೀಳ್ತದೆ, ಚಪ್ಪಾಳೆ ಜೊತೆ ನಾಲ್ಕು ಬೈಗುಳ ಕೂಡ. ಆದರೆ ಅವನನ್ನು ಅರ್ಧ ದಾರಿಯಲ್ಲಿ ಬಿಟ್ಟು ಜಾತ್ರೆ ಮುಗಿಸಿ ಮನೆಗೆ ಹೋಗೋದಿಲ್ಲ.

ಅಂದರೆ ಸೈಕಲ್ ಅನ್ನೋದು ನಮಗೆ ಬೆಂಗಳೂರಿನ ಶೋರೂಮಿನಿಂದ ಇಳಿದು ಬಂದ ಹೊಸ ದೇವರಲ್ಲ. ಇದನ್ನು ಓದ್ತಿರೋ ನಿಮ್ಮಲ್ಲಿ ಅನೇಕರ ಮೊದಲ ಸ್ವಂತ ಗಾಡಿ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲೇ. 2006-07ರಲ್ಲಿ ಶುರುವಾದ ಯೋಜನೆ ಅದು, ಕೊರೊನಾ ಕಾಲದಲ್ಲಿ ನಿಂತುಹೋಯಿತು. ಬಬಲೇಶ್ವರ, ಟಿಕೋಟಾ ಕಡೆಯ ಎಷ್ಟು ಹಳ್ಳಿಯ ಹುಡುಗಿಯರು ಎಂಟನೇ ಕ್ಲಾಸಿನ ನಂತರವೂ ಸಾಲಿಗೆ ಹೋದರು ಅಂದರೆ ಆ ಭಾರದ, ಗೇರಿಲ್ಲದ, ಬ್ರೇಕು ಕಿರಗುಟ್ಟೋ ಸೈಕಲ್ಲಿನ ಮೇಲೆ. ನಾಲ್ಕೈದು ಹುಡುಗಿಯರು ರಸ್ತೆ ತುಂಬ ಸಾಲಾಗಿ, ಬಾಯಿ ತುಂಬ ಮಾತಾಡ್ಕೊಂತ, ಹಿಂದೆ ಟೆಂಪೋದವನು ಹಾರ್ನ್ ಹೊಡೆದರೂ ಕದಲದೆ ಹೋಗ್ತಿದ್ದರಲ್ಲ, ನಾನು ಕಂಡ ಅತ್ಯುತ್ತಮ ಸೈಕಲ್ ಕ್ಲಬ್ ಅದೇ. ಸದಸ್ಯತ್ವ ಶುಲ್ಕ ಇರಲಿಲ್ಲ. ಒಬ್ಬಳ ಚೈನು ಬಿದ್ದರೆ ಐದೂ ಸೈಕಲ್ ನಿಲ್ತಿದ್ದವು.

ಈಗ ಅದೇ ಹುಡುಗಿ ಇಪ್ಪತ್ತೆಂಟು ವರ್ಷದವಳಾಗಿ, ಸಂಬಳ ತಗೊಂಡು, ಮತ್ತೆ ಸೈಕಲ್ ಹೊಡೀಬೇಕು ಅಂತ ಬಂದರೆ ನಾವು ಬಾಗಿಲಲ್ಲಿ ನಿಂತು “ಯಾವ ಸೈಕಲ್ ಐತ್ರಿ?” ಅಂತ ಕೇಳ್ತೇವೆ. ಅರ್ಧ ಲಕ್ಷದ ಸೈಕಲ್ ಇಲ್ಲದವರಿಗೆ ಪ್ರವೇಶ ಇಲ್ಲ ಅಂತ ಯಾರೂ ಬರೆದಿಲ್ಲ, ಬರೆಯೋ ಅಗತ್ಯವೂ ಇಲ್ಲ. ಅಟ್ಲಾಸೋ ಹೀರೋನೋ ತಗೊಂಡು ಬಂದವರ ಕಡೆ ಒಂದು ನಗು ನಕ್ಕು, “ಗಟ್ಟಿ ಅದಾವ್ರಿ ಈ ಸೈಕಲ್ಲು, ನಮ್ಮಪ್ಪನೂ ಇಟ್ಟಿದ್ದ” ಅಂದುಬಿಟ್ಟರೆ ಸಾಕು, ಮುಂದಿನ ವಾರ ಅವರು ಬರೋದಿಲ್ಲ. (ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ವಾಟ್ಸಾಪಿನಲ್ಲಿ ಶುಭಾಶಯಗಳು ಹರಿದಾಡಿದ್ದು ನೆನಪಿದೆ.)

ಬರೆದಿಟ್ಟು ಹೊರಗಿಟ್ಟವರೂ ಇದ್ದರು. ಅಮೆರಿಕದಲ್ಲಿ ಸೈಕಲ್ಲಿನವರ ದೊಡ್ಡ ಸಂಘ ಅಂದರೆ ಲೀಗ್ ಆಫ್ ಅಮೆರಿಕನ್ ವ್ಹೀಲ್‌ಮೆನ್. ಒಳ್ಳೆ ರಸ್ತೆ ಬೇಕು ಅಂತ ಹೋರಾಡಿದ ಸಂಘ, ಆ ಮಟ್ಟಿಗೆ ಅವರಿಗೆ ಕೈ ಮುಗೀಬೇಕು. ಅದೇ ಸಂಘ 1894ರಲ್ಲಿ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ನಿಯಮ ಮಾಡಿತು. ಐದು ವರ್ಷ ಕಳೆದು, 1899ರಲ್ಲಿ, ಮೇಜರ್ ಟೇಲರ್ ಅನ್ನೋ ಕಪ್ಪು ಹುಡುಗ ಮಾಂಟ್ರಿಯಲ್‌ನಲ್ಲಿ ಜಗತ್ತಿನ ಚಾಂಪಿಯನ್ ಆದ. ಜಗತ್ತಿನಲ್ಲೇ ಎಲ್ಲರಿಗಿಂತ ಜೋರಾಗಿ ಸೈಕಲ್ ಹೊಡೆಯೋ ಮನುಷ್ಯನಿಗೆ ತನ್ನ ದೇಶದ ಸೈಕಲ್ ಸಂಘದಲ್ಲಿ ಜಾಗ ಇಲ್ಲ! ಆ ನಿಯಮವನ್ನು ಅಧಿಕೃತವಾಗಿ ಕಿತ್ತುಹಾಕಿದ್ದು 1999ರಲ್ಲಿ. ಟೇಲರ್ ಸತ್ತು ಆಗಲೇ 67 ವರ್ಷ. ಅದೇ 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ‘ಕ್ಲಾರಿಯನ್’ ಅನ್ನೋ ಸಮಾಜವಾದಿ ವಾರಪತ್ರಿಕೆಯ ಓದುಗರು ಕೂಡಿ ಒಂದು ಸೈಕಲ್ ಕ್ಲಬ್ ಕಟ್ಟಿದರು. ದುಡಿಯೋ ಮಂದಿ ರಜೆ ದಿನ ಊರ ಹೊರಗಿನ ಗಾಳಿ ಕುಡೀಲಿ, ಹಾಗೇ ನಾಲ್ಕು ಪತ್ರಿಕೆ ಹಂಚಲಿ ಅಂತ. ಅದು ಇವತ್ತಿಗೂ ನಡೀತಿದೆ. ಒಂದೇ ವರ್ಷ, ಎರಡು ಗಾಲಿ, ಎರಡು ಬುದ್ಧಿ.

ನಮ್ಮ ಗ್ರೂಪುಗಳು ನಿಯಮ ಬರೆಯೋದಿಲ್ಲ. ಒಂದೇ ಬಡಾವಣೆ, ಒಂದೇ ಕಾಲೇಜು, ಒಂದೇ ಅಂಗಡಿಯಲ್ಲಿ ಕೊಂಡ ಸೈಕಲ್ಲು. ಇನ್ನೊಂದು ‘ಒಂದೇ’ ಇರ್ತದೆ, ಅದನ್ನು ಬಾಯಿಬಿಟ್ಟು ಹೇಳೋದಿಲ್ಲ, ಸದಸ್ಯರ ಅಡ್ಡಹೆಸರು ಓದಿಕೊಂಡು ಹೋದರೆ ಗೊತ್ತಾಗ್ತದೆ. ‘ನಮಗೆ ಹೊಂದೋ ಗ್ರೂಪ್’ ಅಂತ ಹುಡುಕೋ ಮಾತಿನೊಳಗೆ ಈ ಹುಳ ಇದೆ. ನಮ್ಮಂಥವರೇ ನಮಗೆ ಹೊಂದ್ತಾರೆ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿರ್ತದೆ. ಆಫೀಸಿನಲ್ಲಿ ವಾರವಿಡೀ ನೋಡೋ ಅದೇ ಮುಖಗಳನ್ನು ರವಿವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಸಿ ಮತ್ತೆ ನೋಡೋದಕ್ಕೆ ಅಷ್ಟು ಜಲ್ದಿ ಏಳಬೇಕೇನ್ರಿ?

ಜಲ್ದಿ ಏಳೋ ವಿಷಯ ಬಂತಲ್ಲ. ಐದು ಗಂಟೆಗೆ ಹೊರಡೋದು ನಮ್ಮಲ್ಲಿ ಒಂದು ಪುಣ್ಯದ ಕೆಲಸ ಆಗಿಬಿಟ್ಟಿದೆ. ಏಪ್ರಿಲ್-ಮೇ ತಿಂಗಳಲ್ಲಿ ಒಪ್ಪೋಣ, ಎಂಟರ ಮೇಲೆ ಬಿಸಿಲು ಬೆನ್ನು ಸುಡ್ತದೆ, ಮಧ್ಯಾಹ್ನ ನಲವತ್ತು ದಾಟ್ತದೆ. ಡಿಸೆಂಬರಿನಲ್ಲಿ ಯಾಕೆ? ಡಿಸೆಂಬರ್ ಕೊನೆಗೆ ವಿಜಯಪುರದಲ್ಲಿ ಸೂರ್ಯ ಹುಟ್ಟೋದು ಏಳಕ್ಕೆ ಹತ್ತು ನಿಮಿಷ ಇರೋವಾಗ. ಐದಕ್ಕೆ ಹೊರಟರೆ ಒಂದೂವರೆ ತಾಸು ಕತ್ತಲಲ್ಲೇ ಹೊಡೀಬೇಕು. ಅದೂ ಕಬ್ಬಿನ ಹಂಗಾಮಿನಲ್ಲಿ. ಬಬಲೇಶ್ವರ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಹಚ್ಚಿದ ಕಬ್ಬಿನ ಟ್ರಾಕ್ಟರು ಎದುರು ಬಂದಾಗ ನೋಡಿದ್ದೀರಲ್ಲ. ಹಾಡು ಜೋರಾಗಿರ್ತದೆ, ಹಿಂದೆ ಲೈಟು ಇರೋದಿಲ್ಲ, ಕಬ್ಬಿನ ಗರಿ ಒಂದು ಮೊಳ ಹೊರಗೆ ಚಾಚಿರ್ತದೆ. ಕೆಟ್ಟು ನಿಂತ ಟ್ರೇಲರಿನ ಹಿಂದೆ ಎರಡು ಕಲ್ಲು ಇಟ್ಟಿರ್ತಾರೆ, ಕತ್ತಲಲ್ಲಿ ಆ ಕಲ್ಲು ಮೊದಲು ಸಿಗ್ತದೋ ಟ್ರೇಲರು ಮೊದಲು ಸಿಗ್ತದೋ ಅನ್ನೋದು ನಿಮ್ಮ ಹಣೆಬರಹ. ಅಲ್ಲಿ ಗುಂಪಿನಿಂದ ಬೇರೆಯಾಗಿ ಒಬ್ಬರೇ ಸಿಕ್ಕಿಕೊಂಡರೆ ‘ಫ್ರೆಂಡ್ಲಿ’ ಅನ್ನೋ ಪದ ಹಿಂದಿನ ಲೈಟಿನ ಕೆಲಸ ಮಾಡೋದಿಲ್ಲ.

ಹೆಣ್ಣುಮಕ್ಕಳು ಯಾಕೆ ಬರೋದಿಲ್ಲ ಅಂತ ಗ್ರೂಪಿನವರು ನಿಜವಾಗಿಯೂ ಆಶ್ಚರ್ಯಪಡ್ತಾರೆ, ‘ಮಹಿಳಾ ದಿನಕ್ಕೆ ಸ್ಪೆಷಲ್ ರೈಡ್’ ಇಡ್ತಾರೆ. ಸ್ಪೆಷಲ್ ಏನೂ ಬೇಡ. ಹೊತ್ತು ಹುಟ್ಟಿದ ಮೇಲೆ ಹೊರಡಿ, ಹೊರಟವರು ಎಲ್ಲರೂ ಕೂಡೇ ವಾಪಸ್ ಬರ್ತೀವಿ ಅಂತ ಮಾತು ಕೊಡಿ, ಮಾತಿಗೆ ತಕ್ಕಂತೆ ಬನ್ನಿ. ಮೂರು ರವಿವಾರ ಹೀಗೆ ನಡೆಯಲಿ, ನಾಲ್ಕನೆಯದಕ್ಕೆ ಯಾರು ಬರ್ತಾರೆ ನೋಡಿ. ರಾಷ್ಟ್ರಮಟ್ಟಕ್ಕೆ ಹುಡುಗಿಯರನ್ನು ಕಳಿಸೋ ಊರಲ್ಲಿ ‘ನಮ್ಮ ಕಡೀ ಹೆಣ್ಮಕ್ಕಳಿಗೆ ಆಸಕ್ತಿ ಇಲ್ಲ’ ಅಂತ ಯಾರಾದರೂ ಅಂದರೆ ಅವರ ಮುಖ ನೋಡೋಕೆ ನನಗೆ ನಾಚಿಕೆ ಆಗ್ತದೆ.

ಇದಕ್ಕೆ ಬರೋ ಜವಾಬು ನನಗೆ ಬಾಯಿಪಾಠ. “ಎಲ್ಲಾರನ್ನೂ ಕಾಯ್ಕೊಂತ ಕುಂತರ ನಮ್ಮ ವ್ಯಾಯಾಮ ಆಗೂದು ಯಾವಾಗ್ರಿ?” ನ್ಯಾಯವಾದ ಪ್ರಶ್ನೆ. ವಾರಪೂರ್ತಿ ಕುರ್ಚಿಯಲ್ಲಿ ಕೂತು ಬಂದವರಿಗೆ ಕಾಲು ಬಿಚ್ಚಿ ಓಡಿಸಬೇಕು ಅನ್ನಿಸ್ತದೆ. ಬೆವರು ಇಳಿಯದಿದ್ದರೆ ಹೋದ ಹಾಗೇ ಅನ್ನಿಸೋದಿಲ್ಲ. ಅದಕ್ಕೆ ಹಳೇ ಉಪಾಯ ಒಂದಿದೆ. ಕಸುವು ಇದ್ದವರು ಎರಡು ಕಿಲೋಮೀಟರ್ ಮುಂದೆ ಹಾರಿಹೋಗಲಿ, ಅಲ್ಲಿಂದ ತಿರುಗಿ ಬಂದು ಕಡೆಯವರನ್ನು ಕೂಡಿಕೊಳ್ಳಲಿ, ಮತ್ತೆ ಹಾರಲಿ. ಟಿಕೋಟಾ ಮುಟ್ಟೋದರೊಳಗೆ ಬೇರೆಯವರದು 20 ಆದರೆ ಇವರದು 30 ಕಿಲೋಮೀಟರ್ ಆಗಿರ್ತದೆ. ವ್ಯಾಯಾಮ ಹೆಚ್ಚೇ ಆಯಿತು. ಇದನ್ನು ಹೇಳಿದರೆ ಮುಖ ಸಣ್ಣದಾಗ್ತದೆ. ಯಾಕಂದರೆ ಬೇಕಾಗಿದ್ದು ವ್ಯಾಯಾಮ ಅಲ್ಲ, ಟಿಕೋಟಾಕ್ಕೆ ಮೊದಲು ಮುಟ್ಟಿದ ಹೆಸರು. ಹೆಸರು ಬೇಕಾದರೆ ಅದಕ್ಕೂ ದಾರಿ ಇದೆ. ಗುರುವಾರ ನಾಲ್ಕೇ ಮಂದಿ ಕೂಡಿ ‘ಇದು ಸ್ಪೀಡಿನ ರೈಡ್, ಹಿಂದೆ ಉಳಿದವರಿಗೆ ನಿಲ್ಲೋದಿಲ್ಲ’ ಅಂತ ಮೊದಲೇ ಹೇಳಿ ಹೋಗಿ. ನನ್ನ ತಕರಾರು ಒಂದಿಷ್ಟೂ ಇಲ್ಲ. ‘ಎಲ್ಲರಿಗೂ ಸ್ವಾಗತ’ ಅಂತ ಬರೆದು ಕರೆದು ಹದಿನಾಲ್ಕನೇ ಕಿಲೋಮೀಟರಿಗೆ ಬಿಡೋದಿದೆಯಲ್ಲ, ಅದು ಸುಳ್ಳು. ನಾನು ಜಗಳ ತೆಗೆದಿರೋದು ಆ ಸುಳ್ಳಿನ ಜೊತೆ.

ಬ್ರೆವೆಟ್ ಹೊಡೆಯೋರನ್ನು ನೋಡಿ ನಾನು ಇದನ್ನು ಕಲಿತೆ. ಹೊರಗಿನಿಂದ ನೋಡಿದರೆ ಅವರು ಹುಚ್ಚರು, 200, 300, 400, 600 ಕಿಲೋಮೀಟರ್. ಆದರೆ ಅವರ ನಿಯಮ ಎಷ್ಟು ಪ್ರಾಮಾಣಿಕ ಅಂದರೆ 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 600ಕ್ಕೆ 40 ತಾಸು, ಯಾರ ಸಹಾಯವೂ ಇಲ್ಲ, ನಿಮ್ಮ ಪಂಕ್ಚರು ನಿಮ್ಮದು. ಎಲ್ಲಾ ಮೊದಲೇ ಗೊತ್ತು. ಇನ್ನೊಂದು ಗಮ್ಮತ್ತು, ಅಲ್ಲಿ ಮೊದಲ ಸ್ಥಾನ ಅಂತ ಇಲ್ಲ. ಎಂಟು ತಾಸಿನಲ್ಲಿ ಮುಗಿಸಿದವರೂ ಮುಗಿಸಿದವರೇ, ಕೊನೇ ನಿಮಿಷಕ್ಕೆ ಕುಂಟಿಕೊಂತ ಬಂದವರೂ ಮುಗಿಸಿದವರೇ. ಲೆಕ್ಕ ಹಾಕಿ, ಚಹಾ-ಊಟದ ಹೊತ್ತೂ ಸೇರಿ ತಾಸಿಗೆ 15 ಕಿಲೋಮೀಟರಿಗಿಂತ ಕಡಿಮೆ ಬಿದ್ದರೂ ಆಗ್ತದೆ. ಜಗತ್ತಿನ ಅತಿ ಉದ್ದದ ಸವಾರಿ ಮಾಡೋರು ತಾಸಿಗೆ 15ಕ್ಕೆ ಮರ್ಯಾದೆ ಕೊಡ್ತಾರೆ, ರವಿವಾರ 40 ಕಿಲೋಮೀಟರ್ ಹೋಗಿ ಇಡ್ಲಿ ತಿನ್ನೋ ನಮ್ಮವರಿಗೆ 25 ಬೇಕು!

ಹಾಗಾದರೆ ಹೊಸಬರು ಏನು ಮಾಡಬೇಕು ಅಂದರೆ, ಗ್ರೂಪು ನೋಡೋಕೆ ಹೋಗೋ ಮೊದಲನೇ ದಿನ ಮನೆಯಲ್ಲಿರೋದರಲ್ಲೇ ಹಳೆಯ ಸೈಕಲ್ ತಗೊಂಡು ಹೋಗಿ. ಹೊಸದು ಕೊಂಡಿದ್ದರೂ ಮನೆಯಲ್ಲಿಟ್ಟು, ತಮ್ಮಂದೋ ಪಕ್ಕದ ಮನೆಯವರದೋ ಗೇರಿಲ್ಲದ್ದನ್ನು ಬೇಡಿಕೊಂಡು ಹೋಗಿ. ಬ್ರೇಕು ಸರಿ ಇರಲಿ, ಹಿಂದಿನ ಲೈಟು ಇರಲಿ, ತಲೆಗೆ ಹೆಲ್ಮೆಟ್ ಇರಲಿ, ಇಷ್ಟನ್ನು ಗ್ರೂಪು ಕಡ್ಡಾಯ ಮಾಡಿದರೆ ಅದು ಒಳ್ಳೆ ಗ್ರೂಪಿನ ಲಕ್ಷಣ. ಲೈಟಿಗೆ ಇನ್ನೂರು-ಮುನ್ನೂರು ರೂಪಾಯಿ, ಅರ್ಧ ಲಕ್ಷ ಅಲ್ಲ. ಬೇಕಂತಲೇ ಹಿಂದೆ ಉಳೀರಿ. ಯಾರು ತಿರುಗಿ ನೋಡ್ತಾರೆ ಅಂತ ನೋಡಿ. ಮುಂದೆ ಕುಣಿ ಇದ್ದರೆ ಕೈ ಮಾಡಿ “ಕುಣಿ!” ಅಂತ ಕೂಗಿ ಹಿಂದಿನವರಿಗೆ ಹೇಳ್ತಾರಾ, ಸುಮ್ಮನೆ ತಾವು ತಪ್ಪಿಸಿಕೊಂಡು ಹೋಗ್ತಾರಾ? ಚಹಾಕ್ಕೆ ನಿಂತಾಗ ಮೊದಲು ಬಂದವರು ಕಡೆಯವರು ಬರ್ತಿದ್ದ ಹಾಗೆ ಎದ್ದು ಹೊರಟರೆ, ಆ ಕಡೆಯವರಿಗೆ ಚಹಾ ಕೂಡ ಸಿಗಲಿಲ್ಲ, ಉಸಿರು ಕೂಡ ಸಿಗಲಿಲ್ಲ. ನಿಧಾನ ಇದ್ದವರಿಗೇ ವಿಶ್ರಾಂತಿ ಕಡಿಮೆ ಸಿಗೋ ಈ ವಿಚಿತ್ರವನ್ನು ಎಷ್ಟೋ ಗ್ರೂಪಿನವರು ಗಮನಿಸಿಯೇ ಇರೋದಿಲ್ಲ.

ಮತ್ತೆ ಅಡ್ಮಿನ್ನನ್ನು ಏನೂ ಕೇಳಬೇಡಿ. ಅವರು ಮದುವೆ ದಲ್ಲಾಳಿ ಇದ್ದ ಹಾಗೆ, ಗಂಡಿನ ಗುಣವೇ ಹೇಳ್ತಾರೆ. ಕಡೆಗೆ ಬಂದವರು ಯಾರು ನೋಡಿ, ಅವರ ಪಕ್ಕ ಸೈಕಲ್ ತಳ್ಳಿಕೊಂತ ಕೇಳಿ. “ಎಷ್ಟು ದಿನ ಆತ್ರಿ ಈ ಗ್ರೂಪಿಗೆ ಬರಾಕ ಹತ್ತಿ?” ಎರಡು ವರ್ಷದಿಂದ ಕಡೆಗೇ ಬರ್ತಾ ಇದ್ದು ಇನ್ನೂ ಬರ್ತಾ ಇದ್ದಾರೆ ಅಂದರೆ ಕಣ್ಣು ಮುಚ್ಚಿ ಸೇರಿಬಿಡಿ. ‘ಇದು ನನ್ನ ಎರಡನೇ ರೈಡ್’ ಅಂದರೆ, ಹಿಂದಿನ ತಿಂಗಳು ಕಡೆಗೆ ಬರ್ತಿದ್ದವರು ಎಲ್ಲಿ ಹೋದರು ಅಂತ ಯೋಚನೆ ಮಾಡಿ.

ರಸ್ತೆಗೇನೂ ಕೊರತೆ ಇಲ್ಲ. ಕಾಲು ಬರದವರಿಗೆ ತೊರವಿ ಸಾಕು, ಊರಿಗೆ ಅಂಟಿಕೊಂಡೇ ಇದೆ, ನರಸಿಂಹನ ಗುಡಿಗೂ ಆಯಿತು, ಆಚೆ ಸಂಗೀತ ಮಹಲಿನ ಪಾಳು ಗೋಡೆಗೂ ಆಯಿತು. ಪೂರ್ವಕ್ಕೆ ಸಿಂದಗಿ ರಸ್ತೆಯ ಕುಮಟಗಿ, ನೀರಿನ ನಡುವೆ ಕಟ್ಟಿದ ಆದಿಲ್‌ಶಾಹಿ ಮಂಟಪ. ಜುಲೈನಲ್ಲಿ ಅಲ್ಲಿಗೆ ಹೋಗುವಾಗ ಗಾಳಿ ಬೆನ್ನಿಗಿರ್ತದೆ, ‘ಆಹಾ ನನಗೂ ಸ್ಪೀಡ್ ಬಂತು’ ಅನ್ನಿಸ್ತದೆ, ವಾಪಸ್ ಬರೋವಾಗ ಸತ್ಯ ಗೊತ್ತಾಗ್ತದೆ. ಅದಕ್ಕೇ ಆ ತಿಂಗಳುಗಳಲ್ಲಿ ಹೊಸಬರನ್ನು ಪಶ್ಚಿಮಕ್ಕೆ ಕರಕೊಂಡು ಹೋಗೋದು ಜಾಣತನ, ದಣಿದ ಮೇಲೆ ಗಾಳಿಯೇ ಮನೆಗೆ ತಂದು ಬಿಡ್ತದೆ. ದಕ್ಷಿಣಕ್ಕೆ ಸಾರವಾಡದ ಹತ್ತಿರ ಡೋಣಿ ದಾಟಿ ಬಬಲೇಶ್ವರ, ಸುಮಾರು 25 ಕಿಲೋಮೀಟರ್. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತಾರಲ್ಲ, ಹಿಂಗಾರಿಯಲ್ಲಿ ಆ ಜೋಳದ ನಡುವೆ ಹೋಗೋ ಸುಖ ಸೈಕಲ್ಲಿನ ಮೇಲೆ ಮಾತ್ರ ಸಿಗೋದು. ಇನ್ನೂ ಮುಂದೆ ಮಮದಾಪುರದ ಕೆರೆ. ಮಳೆ ಬಿದ್ದ ಮಾರನೇ ದಿನ ಮಾತ್ರ ಡಾಂಬರು ಬಿಟ್ಟು ಇಳೀಬೇಡಿ, ಎರೆ ಮಣ್ಣು ಗಾಲಿಗೆ ಅಂಟಿದರೆ ಬ್ರೇಕಿನೊಳಗೂ ಕೂತು ಗಾಲಿ ತಿರುಗೋದೇ ನಿಲ್ತದೆ, ಸೈಕಲ್ ಹೊತ್ತುಕೊಂಡು ಬರಬೇಕಾಗ್ತದೆ. ಆಗ ಜೋಡಿ ಇದ್ದವರು ಎಂಥವರು ಅಂತ ಬೇರೆ ಪರೀಕ್ಷೆ ಬೇಕಾಗೋದಿಲ್ಲ.

ಯಾವುದೂ ಹೊಂದಲಿಲ್ಲವಾ? ಮೂವರು ಸಿಕ್ಕರೆ ಶುರುಮಾಡಿ. ಟೀ-ಶರ್ಟು, ಲೋಗೋ, ಉದ್ಘಾಟನೆಗೆ ಗಣ್ಯರು, ಇವ್ಯಾವೂ ಬೇಡ. ಒಂದು ಪಂಪು, ಎರಡು ಟ್ಯೂಬು, ಒಂದು ಪಾನಾ ಸಾಕು. ನಾಳೆ ನೀವು ಗ್ರೂಪಿಗೆ ಹಾಕಬೇಕಾದ ಮೆಸೇಜನ್ನೂ ನಾನೇ ಬರೆದು ಕೊಡ್ತೀನಿ, ಈಗಿರೋ ಗ್ರೂಪಿನವರು ಕದ್ದುಕೊಂಡರೂ ಬೇಜಾರಿಲ್ಲ:

‘ರವಿವಾರ ಮುಂಜಾನೆ ಏಳಕ್ಕೆ, ಗೋಳಗುಮ್ಮಟದ ಮುಂದ. ಟಿಕೋಟಾಕ್ಕ ಹೋಗಿ ಬರೂದು. ಯಾವ ಸೈಕಲ್ ಆದ್ರೂ ನಡೀತದ, ಹಿಂದ ಲೈಟ್ ಇರಲಿ. ಕಡೀಗೆ ಬರೋರ ಜೋಡಿ ಈ ವಾರ ನಾನು ಇರತೀನಿ, ನನ್ನ ನಂಬರ್ ಉಳಿಸಿಕೊಳ್ರಿ. ಎಲ್ಲಾರೂ ಬಂದ ಮ್ಯಾಲೇ ಚಹಾ.’